ಎತ್ತಿನ ಬೆನ್ನ ಮೇಲಿನ ಕಾಗೆ

ಆ ಮನೆಯಲ್ಲಿ ಏನೇ ಆದರೂ ತಪ್ಪು ಸ್ಟೂಲಿನದೇ.

ಬೆಳಗ್ಗೆ ಎದ್ದು ಬಚ್ಚಲಿಗೆ ಹೊರಟ ಸೂಜಿಯಕ್ಕನ ಮೊಣಕಾಲು ಅದಕ್ಕೆ ಬಡಿಯಬೇಕು, ಅವಳು ಕೂಗಬೇಕು, ಮನೆಯವರೆಲ್ಲ ಅಪರಾಧಿಗಳ ಹಾಗೆ ನಿಲ್ಲಬೇಕು.

"ಯಾರ್ರೀ ಇದನ್ನ ದಾರೀಲಿ ಇಟ್ಟಿದ್ದು? ಮನುಷ್ಯರು ಓಡಾಡೋ ಮನೆ ಇದು, ಗೊತ್ತಾಗಲ್ವಾ?"

"ದಾರೀಲಿ ಎಲ್ಲಿದೆ ಪುಣ್ಯಾತ್ಗಿತ್ತಿ? ಗೋಡೆಗೆ ಅಂಟಿಕೊಂಡಿದೆ," ಎಂದ ಗಂಡ. "ಇನ್ನು ಗೋಡೆ ಒಡೆದು ಒಳಗೆ ಇಡ್ಬೇಕು, ಅಷ್ಟೇ."

ಗಂಡ ಬೀಗ ರಿಪೇರಿಯವನು. ದಿನವಿಡೀ ಕೆಟ್ಟ ಬೀಗಗಳ ಜೊತೆ ಗುದ್ದಾಡುವವನಿಗೆ ತಾಳ್ಮೆ ತುಸು ಜಾಸ್ತಿಯೇ. ಸ್ಟೂಲನ್ನು ಎತ್ತಿ ಅಡುಗೆಮನೆಯಲ್ಲಿಟ್ಟ. ಮರುದಿನ ಅವಳ ಭುಜ ಬಾಗಿಲ ಚೌಕಟ್ಟಿಗೆ ಹೊಡೆಯಿತು. ಚೌಕಟ್ಟನ್ನು ಎಲ್ಲಿಗೆ ಎತ್ತಿಡುವುದು?

ಸೂಜಿಯಕ್ಕ ಎಂದು ಬೀದಿಯವರೆಲ್ಲ ಕರೆಯುವುದು ಅವಳು ಮಾಡುವ ರಫ್ಫು ಕೆಲಸದಿಂದ. ಹರಿದ ಬಟ್ಟೆಯ ಒಳಮಡಿಕೆಯಿಂದಲೇ ಎಳೆ ಬಿಡಿಸಿ, ಹರಿದ ಜಾಗದಲ್ಲಿ ಅಡ್ಡ ನೂಲು ಉದ್ದ ನೂಲು ಹೆಣೆದು, ಹರಿದಿತ್ತು ಎನ್ನುವುದೇ ಕಾಣದ ಹಾಗೆ ಮಾಡುವ ಕೆಲಸ. ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಬೆಳಕಿಗೆ ಮೇಜು ಹಾಕಿಕೊಂಡು ಕೂರುತ್ತಿದ್ದಳು. ಎದುರು ಮೇಜಿನಲ್ಲಿ ಅವಳ ಬಾಲ್ಯದ ಗೆಳತಿ ಗುಂಡಿಯಕ್ಕ, ಅಂಗಿಗಳಿಗೆ ಗುಂಡಿ ಹಾಕುವವಳು. ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆಯ ಪಕ್ಕ ಅತ್ತೆ. ಅತ್ತೆಯ ಕೈ ಮಡಿಕೆ ಹಾಕುತ್ತಿದ್ದರೆ ಬಾಯಿ ಕಥೆ ಹೇಳುತ್ತಿತ್ತು.

ಸೂಜಿಯಕ್ಕನಿಗೆ ಅವಳ ತಾಯಿ ಕಲಿಸಿದ ಒಂದು ಅಭ್ಯಾಸವಿತ್ತು. ಕೆಲಸಕ್ಕೆ ಕೂರುವ ಮುಂಚೆ ದೇವರನ್ನು ನೆನೆದು, ಎಲ್ಲಕ್ಕಿಂತ ಸಣ್ಣ ಸೂಜಿಗೆ ಕಪ್ಪು ದಾರ ಪೋಣಿಸುವುದು. ಮೊದಲ ಸಲಕ್ಕೇ ದಾರ ಹೋದರೆ ಕಣ್ಣು ಚೆನ್ನಾಗಿದೆ ಎಂದು ಲೆಕ್ಕ. ಅವಳದು ಪ್ರತಿದಿನವೂ ಮೊದಲ ಸಲಕ್ಕೇ ಹೋಗುತ್ತಿತ್ತು.

"ನೋಡಿ, ಹೋಯ್ತು! ನನ್ನ ಕಣ್ಣಿಗೆ ಇನ್ನೂ ಮದುವೆ ವಯಸ್ಸು," ಎನ್ನುತ್ತಿದ್ದಳು.

ಆದರೆ ಬಟ್ಟೆಯ ಧೂಳಿಗೆ ಆ ಕಣ್ಣು ಕೆಂಪಾಗುತ್ತಿತ್ತು, ಒಂದೇ ಸಮ ನವೆ. ಅದನ್ನು ನೋಡಲಾಗದೆ ಗುಂಡಿಯಕ್ಕ ಒಂದು ದಿನ ತನ್ನ ಚೀಲದಿಂದ ಪುಟ್ಟ ಬಾಟಲಿ ತೆಗೆದುಕೊಟ್ಟಳು. "ನನ್ನ ಕಣ್ಣಿನ ಆಪರೇಷನ್ ಆದಾಗ ಕೊಟ್ಟ ಹನಿ ಕಣೇ. ಉಳಿದಿತ್ತು. ಒಂದು ತೊಟ್ಟು ಬಿಟ್ಕೋ, ಸ್ವರ್ಗ."

ಸ್ವರ್ಗವೇ ಸರಿ. ಕೆಂಪು ಹೋಯಿತು, ನವೆ ಹೋಯಿತು. ಬಾಟಲಿ ಮುಗಿದಾಗ ಖಾಲಿ ಬಾಟಲಿಯನ್ನೇ ಔಷಧಿ ಅಂಗಡಿಗೆ ಒಯ್ದು ತೋರಿಸಿದರು; ಅಂಗಡಿಯವನೂ ಕೇಳದೆ ಕೊಟ್ಟ. ಅದು ಮುಗಿದರೆ ಇನ್ನೊಂದು. ಮಳೆಗಾಲ ಹೋಗಿ ಬೇಸಿಗೆ ಬಂತು, ಬೇಸಿಗೆ ಹೋಗಿ ಮತ್ತೆ ಮಳೆಗಾಲ. ಕೆಲಸದ ನಡುವಿನ ವಿರಾಮದಲ್ಲಿ ಬಾಟಲಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವುದು, ಇಬ್ಬರೂ ತಲೆ ಹಿಂದಕ್ಕೆ ಚೆಲ್ಲಿ ಹನಿ ಬಿಟ್ಟುಕೊಳ್ಳುವುದು, ಅತ್ತೆ ಕಥೆ ಶುರುಮಾಡುವುದು. ಅದೇ ಆ ಕೋಣೆಯ ಪದ್ಧತಿಯಾಯಿತು.

ಅತ್ತೆಗೆ ಬಹಳ ಇಷ್ಟದ್ದು ಎತ್ತು ಮತ್ತು ಕಾಗೆಯ ಕಥೆ.

"ಒಂದೂರಲ್ಲಿ ಒಂದು ಎತ್ತು. ನೊಗ ಉಜ್ಜಿ ಉಜ್ಜಿ ಹೆಗಲ ಮೇಲೆ ಹುಣ್ಣಾಗಿತ್ತು. ನವೆ ಅಂದ್ರೆ ನವೆ. ಬಂತು ನೋಡಿ ಒಂದು ಕಾಗೆ. 'ಅಯ್ಯೋ ಎತ್ತಣ್ಣ, ನಿನ್ನ ಕಷ್ಟ ನೋಡೋಕಾಗಲ್ಲಪ್ಪ. ಕೊಕ್ಕಲ್ಲಿ ಸ್ವಲ್ಪ ಕೆರೆದುಕೊಡ್ಲಾ?' ಅಂತು. ಕೆರೀತು. ನವೆ ಮಾಯ! ಎತ್ತಿಗೆ ಕಣ್ಣು ತುಂಬಿ ಬಂತು. ದಿನಾ ಕಾಗೆಯ ದಾರಿ ಕಾಯೋದು, ಹಾಡೋದು..."

ಇಲ್ಲಿ ಅತ್ತೆ ದನಿ ಏರಿಸಿ ರಾಗ ಎಳೆಯುತ್ತಿದ್ದರು:

"ಬಾರಯ್ಯ ಕಾಗಣ್ಣ, ಬೆನ್ನೇರಿ ಕೂರಯ್ಯ,
ನೀ ಕುಕ್ಕಿದರೆ ಉರಿಯು ತಣ್ಣಗಾಯ್ತಯ್ಯ!"

"ಕೊಟ್ಟಿಗೆ ನಾಯಿ ಕೆಳಗಿನಿಂದ ಬೊಗಳ್ತು. 'ಅದು ಕೆರೀತಿಲ್ಲ ಮಾರಾಯ, ತಿಂತಿದೆ! ಹುಣ್ಣು ಒಣಗೋಕೇ ಬಿಡ್ತಿಲ್ಲ!' ಎತ್ತಿಗೆ ಸಿಟ್ಟು ಬಂತು. ಜಾಡಿಸಿ ಒದೀತು, ಯಾರಿಗೆ? ನಾಯಿಗೆ!"

ಇಷ್ಟಕ್ಕೆ ಕೋಣೆಯೆಲ್ಲ ನಗು. "ಎಂಥ ದಡ್ಡ ಎತ್ತೇ ಅದು!" ಎಂದು ಸೂಜಿಯಕ್ಕ ತಲೆ ಹಿಂದಕ್ಕೆ ಚೆಲ್ಲಿ, ಬಾಟಲಿ ಒತ್ತಿ, ಕಣ್ಣಿಗೆ ಹನಿ ಬಿಟ್ಟುಕೊಳ್ಳುವಳು. ಇಸ್ತ್ರಿಪೆಟ್ಟಿಗೆ ಕಾದಿರುವುದು. ಎಲ್ಲರೂ ಕೆಲಸಕ್ಕೆ ಏಳುವರು. ಕಥೆಯ ಕೊನೆಯನ್ನು ಯಾರೂ ಕೇಳಿಸಿಕೊಂಡದ್ದಿಲ್ಲ.

ಕಥೆ ಕೇಳುವಾಗ ನಾವೆಲ್ಲ ಎಷ್ಟು ಜಾಣರು! ಎತ್ತಿನ ಬೆನ್ನ ಮೇಲಿನ ಕಾಗೆ ಊರಿಗೆಲ್ಲ ಕಾಣುತ್ತದೆ. ನಮ್ಮ ಬೆನ್ನು ಮಾತ್ರ ನಮಗೆ ಕಾಣುವುದಿಲ್ಲ.

ಹೀಗೊಂದು ದಿನ, ಹನಿ ಬಿಟ್ಟುಕೊಳ್ಳುವ ಹೊತ್ತಿಗೇ, ಮಹಡಿ ಮನೆಯ ನರ್ಸಮ್ಮ ಒಳಗೆ ಬಂದಳು. ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ ಅವಳದು. ಗೇಟಿನ ಮೊಳೆಗೆ ಸಿಕ್ಕಿ ಹರಿದ ಉಣ್ಣೆಯ ಕೋಟನ್ನು ರಫ್ಫಿಗೆ ತಂದಿದ್ದಳು.

"ಅದ್ಯಾವ ಹನಿ ಸೂಜಿಯಕ್ಕ?"

"ಕಣ್ಣಿನ ಹನಿ."

"ಕಣ್ಣಿಗೆ ಹಾಕ್ತಿದ್ದೀರಲ್ಲ, ಕಿವೀದಲ್ಲ ಅಂತ ಗೊತ್ತಾಯ್ತು. ಯಾವ ಡಾಕ್ಟ್ರು ಕೊಟ್ಟಿದ್ದು?"

"ಡಾಕ್ಟ್ರು ಯಾಕೆ? ಗುಂಡಿಯಕ್ಕ ಕೊಟ್ಟಿದ್ದು."

"ಗುಂಡಿಯಕ್ಕ ಯಾವಾಗ ಡಾಕ್ಟ್ರಾದ್ರು?"

"ಅಯ್ಯೋ, ದೊಡ್ಡ ಡಾಕ್ಟ್ರೇ ಬರೆದಿದ್ದು ಕಣಮ್ಮ, ನನಗೆ ಆಪರೇಷನ್ ಆದಾಗ," ಎಂದಳು ಗುಂಡಿಯಕ್ಕ.

ನರ್ಸಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು ಓದಿ, ಮೇಜಿನ ಮೇಲಿಟ್ಟಳು. "ನಿಮ್ಮ ಕಣ್ಣಿಗೆ, ಒಂದಷ್ಟು ದಿನಕ್ಕೆ, ಅವರ ಕಣ್ಗಾವಲಲ್ಲಿ ಅಂತ ಬರೆದಿದ್ದು. ಇದು ಸ್ಟೆರಾಯ್ಡ್ ಹನಿ. ಹಾಕಿದ ತಕ್ಷಣ ಹಾಯಾಗುತ್ತೆ. ಕೇಳೋರಿಲ್ಲದೆ ಹಾಕ್ತಾ ಹೋದ್ರೆ ಕೆಲವರ ಕಣ್ಣೊಳಗೆ ಒತ್ತಡ ಏರುತ್ತೆ, ನೋಟದ ನರ ಸಾಯುತ್ತೆ. ಗ್ಲಾಕೋಮಾ ಅಂತಾರೆ. ನೋವಿರಲ್ಲ, ಸದ್ದಿರಲ್ಲ. ಒಂದೇ ಬಾಟಲಿ ಇಬ್ಬರು ಹಾಕ್ಕೊಂಡ್ರೆ ಒಬ್ಬರ ಸೋಂಕು ಇನ್ನೊಬ್ಬರಿಗೆ, ಅದು ಬೇರೆ. ಅಲ್ಲಿ ಇಲ್ಲಿ ಎಡವ್ತೀರಾ ಅಕ್ಕ?"

"ನಾನೆಲ್ಲಿ ಎಡವ್ತೀನಿ? ಈ ಮನೇಲಿ ಎಲ್ಲರೂ ಸ್ಟೂಲನ್ನ ದಾರೀಲಿ ಇಡ್ತಾರೆ."

"ಹಾಗಾದ್ರೆ ಒಂದು ನಿಮಿಷ. ಒಂದು ಕಣ್ಣು ಮುಚ್ಚಿ, ನನ್ನ ಮೂಗನ್ನೇ ನೋಡಿ. ಪಕ್ಕದಲ್ಲಿ ಬೆರಳು ಆಡಿಸ್ತೀನಿ. ಕಂಡ ತಕ್ಷಣ ಹೇಳಿ."

ಸೂಜಿಯಕ್ಕ ನೋಡಿದಳು. "ಹೂಂ, ಆಡಿಸು ಮತ್ತೆ."

"ಆಡಿಸ್ತಿದ್ದೀನಿ."

"ಸುಮ್ನೆ ಕೈ ಕಟ್ಕೊಂಡು ಕೂತು ತಮಾಷೆ ಮಾಡ್ಬೇಡ."

ಅತ್ತೆ ಮಡಿಸುತ್ತಿದ್ದ ಬಟ್ಟೆ ಕೆಳಗಿಟ್ಟರು. ಆ ಬೆರಳು ಆಡುವುದು ಮೂಲೆಯಲ್ಲಿ ಕೂತ ಅತ್ತೆಗೂ ಕಾಣುತ್ತಿತ್ತು, ಬಾಗಿಲಲ್ಲಿ ನಿಂತ ಗಂಡನಿಗೂ ಕಾಣುತ್ತಿತ್ತು. ಬೆರಳು ಹೆಚ್ಚುಕಡಿಮೆ ನರ್ಸಮ್ಮನ ಕೆನ್ನೆಯ ಹತ್ತಿರ ಬಂದ ಮೇಲೆ ಸೂಜಿಯಕ್ಕ, "ಹಾಂ, ಈಗ ಆಡಿಸಿದೆ!" ಎಂದಳು.

"ಅಕ್ಕ, ನಾಳೇನೇ ಆಸ್ಪತ್ರೆಗೆ ಬನ್ನಿ."

"ಯಾಕೆ? ಮೂಗು ನೋಡು ಅಂದವಳೂ ನೀನೇ, ಬೆರಳು ಯಾಕೆ ನೋಡಲಿಲ್ಲ ಅಂತ ಕೇಳೋಳೂ ನೀನೇ. ಇದ್ಯಾವ ಸೀಮೆ ಪರೀಕ್ಷೆ?" ಸೂಜಿಯಕ್ಕ ಸಣ್ಣ ಸೂಜಿ ಎತ್ತಿ, ಎಲ್ಲರೆದುರು ದಾರ ಪೋಣಿಸಿದಳು. ಮೊದಲ ಸಲಕ್ಕೇ. "ಇದು ಪರೀಕ್ಷೆ! ಕಣ್ಣು ಹೋದವಳು ಹೀಗೆ ಪೋಣಿಸ್ತಾಳಾ?"

"ಪೋಣಿಸ್ತಾಳೆ ಅಕ್ಕ, ಅದೇ ಬಂದಿರೋದು ತೊಂದರೆ! ಈ ಕಾಯಿಲೆ ನಡುವಿನ ನೋಟವನ್ನ ಕೊನೇವರೆಗೂ ಮುಟ್ಟಲ್ಲ. ಅಂಚಿಂದ ತಿಂತಾ ಬರುತ್ತೆ. ಬಟ್ಟೆ ಅಂಚಿಂದ ಬಿಚ್ಕೊಂಡ್ರೆ ನಡುವಿನ ಹೂವಿಗೆ ಏನು ಗೊತ್ತು?"

"ಕೋಟು ಇಟ್ಟು ಹೋಗು. ಎರಡು ದಿನ ಬಿಟ್ಟು ಬಾ."

ನರ್ಸಮ್ಮ ಬೇಡಿಕೊಂಡಳು. ಗಂಡ ಬೇಡಿಕೊಂಡ. ಅತ್ತೆ ಗದರಿದರು. ಎಷ್ಟು ಬಡಿದುಕೊಂಡರೂ ಅಷ್ಟೇ. ಆ ಬಾಟಲಿಯ ಮೇಲೆ ಅವಳಿಗಿದ್ದ ನಂಬಿಕೆಯಲ್ಲಿ ಕಾಲುಭಾಗ ಮನೆಯವರ ಮೇಲಿದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮುಗಿಯಲಿಲ್ಲ. ಎರಡು ದಿನ ಬಿಟ್ಟು ನರ್ಸಮ್ಮ ಬಂದಳು. ಸೂಜಿಯಕ್ಕ ಕೋಟನ್ನು ಬಿಡಿಸಿ ಹಿಡಿದಳು, ಗೆದ್ದವಳ ಹಾಗೆ. "ಎಲ್ಲಿ ಹರಿದಿತ್ತು ಅಂತ ಹುಡುಕಿ ತೋರಿಸು ನೋಡೋಣ."

ನಿಜಕ್ಕೂ ಸಿಗಲಿಲ್ಲ. ಎಳೆಗೆ ಎಳೆ ಕೂಡಿ, ಬಣ್ಣಕ್ಕೆ ಬಣ್ಣ ಸೇರಿ, ಉಣ್ಣೆ ಹೊಸದರ ಹಾಗಿತ್ತು. ಆದರೆ ಅದರ ಪಕ್ಕದಲ್ಲೇ, ಗೇಣು ದೂರದಲ್ಲಿ, ಇನ್ನೊಂದು ಹರಕು ಬಾಯಿ ತೆರೆದುಕೊಂಡು ಹಾಗೇ ಇತ್ತು. ಗೇಟಿನ ಮೊಳೆ ಕೋಟನ್ನು ಎರಡು ಕಡೆ ಹರಿದಿತ್ತು.

ಗುಂಡಿಯಕ್ಕ ಕೈಯಲ್ಲಿದ್ದ ಅಂಗಿ ಕೆಳಗಿಟ್ಟಳು.

"ಇನ್ನೊಂದು ಹಾಗೇ ಇದೆಯಲ್ಲೇ," ಎಂದ ಗಂಡ, ಮೆಲ್ಲಗೆ.

"ಯಾವ ಇನ್ನೊಂದು? ಇದ್ರೆ ಆಮೇಲೆ ಹರಿದಿದ್ದು!"

"ಆಮೇಲೆ ಅಂದ್ರೆ ಯಾವಾಗ? ಕೋಟು ಇನ್ನೂ ನಿನ್ನ ಕೈಯಲ್ಲೇ ಇದೆ!"

ಅತ್ತೆ ಎದ್ದು ಬಂದರು. ಕೋಟನ್ನು ಸೊಸೆಯ ತೊಡೆಯ ಮೇಲೆ ಹರಡಿದರು. "ಕಣ್ಣು ಮುಚ್ಚು. ಇದನ್ನ ಕೈಯಲ್ಲಿ ನೋಡು ತಾಯಿ. ನಿನ್ನ ಕೈ ಯಾರಿಗೂ ಸುಳ್ಳು ಹೇಳಿಲ್ಲ."

ಸೂಜಿಯಕ್ಕ ಕಣ್ಣು ಮುಚ್ಚಿದಳು. ಬೆರಳು ತಾನು ಹೆಣೆದ ಜಾಗವನ್ನು ದಾಟಿತು, ನುಣ್ಣಗಿದ್ದ ಉಣ್ಣೆಯ ಮೇಲೆ ಹರಿಯಿತು, ಆಮೇಲೆ ತಟ್ಟನೆ ತೂತಿನೊಳಗೆ ಇಳಿಯಿತು. ಬೆರಳು ಅಲ್ಲೇ ನಿಂತಿತು.

"ರೀ," ಎಂದಳು, ಮುಚ್ಚಿದ ಕಣ್ಣಲ್ಲೇ. "ಸ್ಟೂಲು ಗೋಡೆ ಹತ್ರಾನೇ ಇತ್ತಾ?"

"ಗೋಡೆ ಹತ್ರಾನೇ ಇತ್ತು," ಎಂದ ಗಂಡ.

ಮರುದಿನ ಎಲ್ಲರೂ ಆಸ್ಪತ್ರೆಗೆ ಹೋದರು. ನರ್ಸಮ್ಮ ಹೇಳಿದಂತೆ ಬಾಟಲಿಯನ್ನೂ ಒಯ್ದರು. ಡಾಕ್ಟರು ಕಣ್ಣಿನ ಒಳಒತ್ತಡ ಅಳೆದರು, ಪಕ್ಕದ ನೋಟ ಪರೀಕ್ಷಿಸಿದರು, ನರದ ಚಿತ್ರ ತೆಗೆದರು. ಮುಚ್ಚುಮರೆಯಿಲ್ಲದೆ ಹೇಳಿದರು. ಹೋದ ಅಂಚು ಹೋಯಿತು. ಅದನ್ನು ಯಾರೂ ತಂದುಕೊಡಲಾರರು. ಉಳಿದದ್ದನ್ನು ಉಳಿಸಿಕೊಳ್ಳಬಹುದು. ಆ ಹನಿ ಬಿಟ್ಟು ಒತ್ತಡ ಇಳಿಸುವ ಬೇರೆ ಹನಿ ಹಾಕಬೇಕು, ಹೇಳಿದ ಹೊತ್ತಿಗೆ ಹಾಕಬೇಕು, ಕರೆದಾಗಲೆಲ್ಲ ಬಂದು ತೋರಿಸಬೇಕು.

"ಹನಿಯಿಂದ ಹೋಗಿದ್ದಕ್ಕೆ ಮತ್ತೆ ಹನೀನೇನಾ?" ಎಂದಳು ಸೂಜಿಯಕ್ಕ, ಸೋತು.

"ಹೌದು. ಇದನ್ನ ನಿಮ್ಮ ಕಣ್ಣು ನೋಡಿ ಕೊಟ್ಟಿದ್ದೀನಿ. ಅದನ್ನ ಯಾರೂ ನೋಡಿ ಕೊಟ್ಟಿರಲಿಲ್ಲ," ಎಂದರು ಡಾಕ್ಟರು.

ಹೊರಗೆ ಬೆಂಚಿನ ಮೇಲೆ ಗುಂಡಿಯಕ್ಕ ಅಳುತ್ತಿದ್ದಳು. "ನಾನೇ ಕಾಗೆ ಆದ್ನಲ್ಲ ಅಮ್ಮ, ನಾನೇ ಕಾಗೆ ಆದ್ನಲ್ಲ!"

"ನೀನಲ್ಲ ಕಣೇ ಕಾಗೆ," ಎಂದು ಅತ್ತೆ ರೇಗಿದರು. "ಕಾಗೆ ಆ ಬಾಟಲಿ. ನೀನೂ ಎತ್ತೇ! ಅಳೋದು ಬಿಟ್ಟು ಒಳಗೆ ಹೋಗಿ ನಿನ್ನ ಕಣ್ಣೂ ತೋರಿಸು." ತೋರಿಸಿದಳು. ದೇವರ ದಯೆ, ಅವಳ ನರಕ್ಕೆ ಏನೂ ಆಗಿರಲಿಲ್ಲ. ಯಾರ ಕಣ್ಣು ತಡೆಯುತ್ತದೆ, ಯಾರದು ತಡೆಯುವುದಿಲ್ಲ ಎಂದು ಬಾಟಲಿಯ ಮೇಲೆ ಬರೆದಿರುವುದಿಲ್ಲ.

ಇಷ್ಟೆಲ್ಲ ಆಗಿ ಮನೆಗೆ ಬರುವಾಗ ಸೂಜಿಯಕ್ಕ ನರ್ಸಮ್ಮನ ಮೇಲೆ ಹರಿಹಾಯ್ದಳು. "ಅವತ್ತೇ ಇನ್ನೂ ಜೋರಾಗಿ ಹೇಳ್ಬಾರ್ದಿತ್ತಾ ನೀನು?" ನರ್ಸಮ್ಮ ಆಕಾಶ ನೋಡಿದಳು.

ಮತ್ತೆ ಕೆಲಸ ಶುರುವಾದ ದಿನ, ವಿರಾಮದಲ್ಲಿ, ಸೂಜಿಯಕ್ಕ ಕೇಳಿದಳು. "ಅತ್ತೆ, ಆಮೇಲೆ ಆ ಎತ್ತು ಏನಾಯ್ತು?"

"ಅಬ್ಬಾ! ಅಂತೂ ಒಬ್ಬರು ಕೇಳಿದ್ರಲ್ಲ!" ಅತ್ತೆ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟರು. "ಹುಣ್ಣು ಎಲುಬಿಗೆ ಮುಟ್ಟಿದಾಗ ಎತ್ತಿಗೆ ಬುದ್ಧಿ ಬಂತು. ನಾಯೀನ ಕರೀತು. ಒದೆ ತಿಂದು ಕುಂಟ್ತಿದ್ರೂ ನಾಯಿ ಬಂತು, ಬೊಗಳ್ತು, ಕಾಗೆ ಹಾರಿಹೋಯ್ತು. ಗಾಯ ಒಣಗ್ತು. ಹಳ್ಳ ಬಿದ್ದ ಹೆಗಲು ಹಳ್ಳವಾಗೇ ಉಳೀತು. ಆದ್ರೂ ಎತ್ತು ಬದುಕ್ತು, ಉತ್ತಿತು. ವಾಸಿಯಾದ ಮೇಲೆ ಮೊದಲು ಏನು ಮಾಡ್ತು ಗೊತ್ತಾ? ನಾಯೀನ ಬೈತು. 'ಇನ್ನೂ ಜೋರಾಗಿ ಬೊಗಳ್ಬಾರ್ದಿತ್ತಾ?' ಅಂತ."

ಇದನ್ನು ಅತ್ತೆ ಆಗಲೇ ಕಟ್ಟಿದರೋ, ಕಥೆ ಮೊದಲಿಂದಲೂ ಹಾಗೇ ಇತ್ತೋ, ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಸೂಜಿಯಕ್ಕ ಎದ್ದಳು. ತಲೆಯನ್ನು ಎಡಕ್ಕೆ ತಿರುಗಿಸಿ ನೋಡಿದಳು, ಬಲಕ್ಕೆ ತಿರುಗಿಸಿ ನೋಡಿದಳು, ಈಗ ಅವಳು ನಡೆಯುವುದೇ ಹಾಗೆ. ಸ್ಟೂಲನ್ನು ಗೋಡೆಗೆ ಇನ್ನಷ್ಟು ಒತ್ತಿಟ್ಟು, ಅದರ ತಲೆಯನ್ನು ಒಮ್ಮೆ ಸವರಿದಳು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಎತ್ತನ್ನು ಕಂಡು ನಕ್ಕದ್ದು ಸಾಕು. ಏಳಿ. ನಿಮ್ಮ ಬೀರುವಿನಲ್ಲಿ, ಕಿಟಕಿಯ ಮೇಲೆ, ಕೈಚೀಲದ ಒಳಗೆ ಯಾರೋ ಪ್ರೀತಿಯಿಂದ ಕೊಟ್ಟ ಕಣ್ಣಿನ ಹನಿಯ ಬಾಟಲಿ ಇದ್ದೇ ಇರುತ್ತದೆ. ಅದನ್ನು ಒಯ್ದು ಕಣ್ಣಿನ ಡಾಕ್ಟರಿಗೆ ತೋರಿಸಿ. ಒಬ್ಬರಿಗೆ ಬರೆದ ಹನಿ ಇನ್ನೊಬ್ಬರಿಗೆ ಬೇಡ. ಖಾಲಿ ಬಾಟಲಿ ತೋರಿಸಿ ಮತ್ತೊಂದನ್ನು ತರುವುದು ಬೇಡವೇ ಬೇಡ. ಡಾಕ್ಟರೇ ನಿಮಗೆಂದು ಬರೆದಿದ್ದರೆ ಈ ಕಥೆ ಕೇಳಿ ನೀವಾಗಿ ನಿಲ್ಲಿಸಲೂಬೇಡಿ. ಎಷ್ಟು ದಿನ ಹಾಕಬೇಕು, ಒತ್ತಡ ಯಾವಾಗ ನೋಡುತ್ತೀರಿ ಎಂದು ಬಾಯಿಬಿಟ್ಟು ಕೇಳಿ. ಸೂಜಿಗೆ ದಾರ ಹೋಯಿತು, ಕಣ್ಣು ಅಕ್ಷರ ಓದಿತು ಎಂದು ನೆಮ್ಮದಿಯಾಗಿ ಕೂರಬೇಡಿ. ಮನೆಯಲ್ಲಿ ಯಾರಾದರೂ ಸ್ಟೂಲನ್ನು, ಚೌಕಟ್ಟನ್ನು ಬೈಯುತ್ತಿದ್ದರೆ ಅವರನ್ನು ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯಿರಿ.

ನಿಮ್ಮ ಹತ್ತಿರವೂ ಯಾರೋ ಬೊಗಳುತ್ತಿರಬಹುದು. ಒದೆಯುವ ಮುಂಚೆ ಒಮ್ಮೆ ಬೆನ್ನು ಮುಟ್ಟಿ ನೋಡಿಕೊಳ್ಳಿ.