ದೋಣಿಯಿದ್ದ ನೋಟು

ತೀರಿಕೊಂಡವನ ಅಣ್ಣ ಒಂದು ತುದಿ, ಪಕ್ಕದ ಮನೆಯ ದರ್ಜಿ ಇನ್ನೊಂದು ತುದಿ ಹಿಡಿದು ಹಾಸಿಗೆ ಎತ್ತಿದಾಗ ಮಂಚದ ಹಲಗೆಯ ಮೇಲೆ ದುಡ್ಡು ಕಂಡಿತು. ಎರಡು ರಟ್ಟುಗಳ ನಡುವೆ ಒಂದಿಷ್ಟು ಹಳೆಯ ನೋಟುಗಳು ನೀಟಾಗಿ ಮಲಗಿದ್ದವು.

"ನೋಡಪ್ಪ ನನ್ನ ತಮ್ಮನ್ನ," ಅಂದ ಅಣ್ಣ. ಊರಿಂದ ಬೆಳಿಗ್ಗೆಯಷ್ಟೇ ಬಂದಿದ್ದ. "ತನ್ನ ಕೊನೇ ಖರ್ಚಿಗೆ ತಾನೇ ಎತ್ತಿಟ್ಟು ಹೋಗಿದಾನೆ. ಯಾರಿಗೂ ಭಾರ ಆಗ್ಬಾರ್ದು ಅಂತ."

"ದೇವರಂಥ ಮನುಷ್ಯ," ಅಂದ ದರ್ಜಿ.

ಹೊರಗೆ ಹೆಣದ ಗಾಡಿಯವನು ಮುಂಗಡ ಕೇಳುತ್ತಿದ್ದ. ಅಣ್ಣ ಹೋಗಿ ಆ ನೋಟುಗಳನ್ನೇ ಕೊಟ್ಟುಬಂದ.

ನಡುಮನೆಯಲ್ಲಿ ತೀರಿಕೊಂಡವನ ಹೆಂಡತಿ ಗೋಡೆಗೊರಗಿ ಕೂತಿದ್ದಳು. ಔಷಧಿ ಅಂಗಡಿಯ ಮಾಲೀಕ ಎದುರಿಗೆ ಬಂದು ಕೂತ. ಅವಳ ಗಂಡ ಮೂವತ್ತು ವರ್ಷ ಗಲ್ಲಾದಲ್ಲಿ ಕೂತದ್ದು ಈ ಮಾಲೀಕನ ಅಂಗಡಿಯಲ್ಲೇ.

"ನನ್ನ ಗಲ್ಲಾದಲ್ಲಿ ಹಳೇ ನೋಟು ಅನ್ನೋದು ಉಳಿದಿದ್ರೆ ಕೇಳಿ! ತನ್ನ ಜೇಬಿಂದ ಹೊಸದು ಹಾಕೋದು, ಹಳೇದನ್ನ ಎತ್ಕೊಳ್ಳೋದು. ಗುರುವಾರ ದೋಣಿ ನೋಟು ಸಿಕ್ತಲ್ಲ, ಗಿರಾಕಿಗೆ ಚಿಲ್ಲರೆ ಕೊಡೋದೇ ಮರೆತುಬಿಟ್ರು. ನಿಮಗೆ ತೋರಿಸಿದ್ರಾ?"

ಅವಳು ತಲೆಯಾಡಿಸಿದಳು. ತೋರಿಸಿರಲಿಲ್ಲ.

*

ಗುರುವಾರ ಸಂಜೆ ಆತ ಚಪ್ಪಲಿ ಹಾಕಿಕೊಂಡೇ ಅಡುಗೆಮನೆಗೆ ನುಗ್ಗಿದ್ದ.

"ಸಿಕ್ತು ಕಣೇ, ದೋಣಿ ಇರೋ ಹತ್ತರ ನೋಟು! ಈಗೆಲ್ಲಾ ಕಲ್ಲಿನ ಚಕ್ರ ಬರೋದು."

"ತೋರಿಸ್ರೀ."

"ಊಹುಂ. ಮುದುರಿಹೋಗಿದೆ. ಮಡಿಕೆ ಹೋಗಲಿ, ಭಾನುವಾರ ತೋರಿಸ್ತೀನಿ."

"ಒಂದು ಕೊಳಕು ಕಾಗದಕ್ಕೆ ಏನು ಬಿಂಕ ರೀ ನಿಮ್ದು!"

ಅದು ಆತನ ಕಟ್ಟುನಿಟ್ಟು. ಮಡಿಕೆ ಬಿದ್ದ ನೋಟನ್ನು ಯಾರಿಗೂ ತೋರಿಸುತ್ತಿರಲಿಲ್ಲ. ರಟ್ಟಿನ ನಡುವೆ ಇಟ್ಟು ಅದರ ಮೇಲೆ ತಾನೇ ಮಲಗುತ್ತಿದ್ದ. ದುಡ್ಡು ಕೊಟ್ಟು ಕೊಳ್ಳುವುದಂತೂ ಇಲ್ಲವೇ ಇಲ್ಲ. ಕೈಯಿಂದ ಕೈಗೆ ಬಂದದ್ದೇ ಆಗಬೇಕು. ಅವಳು ಮದುವೆಯಾದಾಗಿನಿಂದ ಗೇಲಿ ಮಾಡಿದ್ದೇ ಮಾಡಿದ್ದು, ಒಮ್ಮೆಯಾದರೂ ಚೆನ್ನಾಗಿದೆ ಅಂದಿರಲಿಲ್ಲ. ಅಂದಿದ್ದರೆ ಏನು ಹೋಗುತ್ತಿತ್ತೋ.

ಶನಿವಾರ ಬೆಳಿಗ್ಗೆ ಎಬ್ಬಿಸಿದರೆ ಆತ ಏಳಲಿಲ್ಲ.

*

ಇವತ್ತು ಭಾನುವಾರ. ಅವಳು ಎದ್ದು ಕೋಣೆಗೆ ಹೋದಳು. ಹಲಗೆ ಬರಿದಾಗಿತ್ತು.

"ಭಾವ, ಇಲ್ಲಿದ್ದ ನೋಟುಗಳು?"

"ಗಾಡಿಯವನಿಗೆ ಕೊಟ್ಟೆನಲ್ಲಮ್ಮ."

"ಅಯ್ಯೋ ಭಾವ, ಅದು ದುಡ್ಡಲ್ಲ!"

"ದುಡ್ಡಲ್ದೆ ಇನ್ನೇನಮ್ಮ?"

ಅವಳು ಬರಿಗಾಲಲ್ಲೇ ಬೀದಿಗೆ ಓಡಿದಳು. ಗಾಡಿಯವನು ಗಾಜು ಒರೆಸುತ್ತಿದ್ದ.

"ಆ ನೋಟಾ? ನಮ್ಮ ಮ್ಯಾನೇಜರ್ರು ಬಂದು ತಗೊಂಡು ಹೋದ್ರಲ್ಲಮ್ಮ. ಇಷ್ಟು ಹೊತ್ತಿಗೆ ಪೆಟ್ರೋಲ್ ಬಂಕಿಗೆ ಕಟ್ಟಿರ್ತಾರೆ."

ಅವಳು ಗಾಡಿಯ ಬಾಗಿಲು ಹಿಡಿದು ನಿಂತಳು. ನಿನ್ನೆಯಿಂದ ಬಾರದಿದ್ದ ಅಳು ಈಗ ಬಂತು.

ಗಾಡಿಯವನು ಗಾಬರಿಯಾದ. "ಒಂದೇ ಒಂದು ನಾನಿಟ್ಕೊಂಡೆ ಅಮ್ಮ. ಕದ್ದಿಲ್ಲ, ಅದರ ಬದಲು ನನ್ನ ಹತ್ತು ಹಾಕಿದೀನಿ." ಜೇಬಿನಿಂದ ತೆಗೆದು ಎರಡೂ ಕೈಯಲ್ಲಿ ಚಾಚಿದ. "ದೋಣಿ ಇತ್ತು. ಬಿಡೋಕೆ ಮನಸ್ಸಾಗ್ಲಿಲ್ಲ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. "ನಿಮ್ಮಂಥೋರೇ ನಮ್ಮನೇಲೂ ಒಬ್ರು ಇದ್ರಪ್ಪ," ಅಂದಳು.

ಗಾಡಿ ಹೊರಟಾಗ ಅವಳು ಮುಂದಿನ ಸೀಟಿನಲ್ಲಿ ಕೂತಳು. ಸಂದಣಿಯ ರಸ್ತೆಯಲ್ಲಿ ಗಾಡಿ ನಿಂತಾಗ ನೋಟನ್ನು ಬೆಳಕಿಗೆ ಹಿಡಿದಳು. ಮಡಿಕೆ ಪೂರ್ತಿ ಹೋಗಿತ್ತು. ಅವಳ ಕಣ್ಣಿಗೆ ದೋಣಿಯಲ್ಲಿ ಇಬ್ಬರು ಕಂಡರು, ಒಬ್ಬ ಹುಟ್ಟು ಹಾಕುತ್ತಿದ್ದ, ಇನ್ನೊಬ್ಬಳು ನೀರಿಗೆ ಕೈಬಿಟ್ಟು ಸುಮ್ಮನೆ ಕೂತಿದ್ದಳು.

ಅವಳು ಬೆನ್ನ ಹಿಂದೆ, ಆತನನ್ನು ಮಲಗಿಸಿದ್ದ ಕಡೆಗಿದ್ದ ಪುಟ್ಟ ಕಿಟಕಿ ಸರಿಸಿದಳು.

"ನೋಡಿದೆ ರೀ," ಅಂದಳು. "ಚೆನ್ನಾಗಿದೆ."

ಗಾಡಿಯವನು ಹಾರನ್ ಮೇಲಿಟ್ಟಿದ್ದ ಕೈ ತೆಗೆದು, ಮುಂದಿದ್ದ ಬಸ್ಸು ತಾನಾಗಿ ಸರಿಯುವವರೆಗೆ ಕಾದ.