ಐದನೆಯ ಮೊಟ್ಟೆಯ ಸರದಿ

ಹೆಣದ ಹೊಟ್ಟೆಗೆ ಅಂಟಿದ್ದ ಮೊಟ್ಟೆಯನ್ನು ಬಿಡಿಸಿ, ಉಣ್ಣೆಬಟ್ಟೆಯಲ್ಲಿ ಸುತ್ತಿ, ಅತ್ತೆ ಕೋಣೆಯಲ್ಲಿದ್ದವರನ್ನೆಲ್ಲ ಒಮ್ಮೆ ನೋಡಿದಳು. ಕೊನೆಗೆ ಸತ್ತವಳ ಹಿರಿಯ ಮಗುವಿನ ಮುಂದೆ ಬಂದು ನಿಂತಳು.

"ಇನ್ನೂ ಬೆಚ್ಚಗಿದೆ ಕಂದಾ. ಸಂಜೆಯೊಳಗೆ ಯಾರಾದ್ರೂ ಮಡಿಲು ಕೊಡ್ಬೇಕು. ಮನೆಗೆ ನೀನೇ ಅಲ್ವಾ ದೊಡ್ಡದು?"

ದೊಡ್ಡದಕ್ಕೆ ಹತ್ತೊಂಬತ್ತು. ಆ ಜನರಲ್ಲಿ ಯಾರೂ ಹೆಣ್ಣಾಗಿಯೋ ಗಂಡಾಗಿಯೋ ಹುಟ್ಟುವುದಿಲ್ಲ, ಮಕ್ಕಳೆಲ್ಲ 'ಅದು'. ಜೋಡಿಯಾದವರ ಹಾಸಿಗೆಯಲ್ಲಿ ಒಂದು ಬೆಳಗ್ಗೆ ಮೊಟ್ಟೆ ಕಾಣಿಸಿಕೊಳ್ಳುತ್ತದೆ. ಕೆಳಗಿಟ್ಟರೆ ಸಾಯುತ್ತದೆ, ಅರ್ಧ ಗಂಟೆ ಮಡಿಲಲ್ಲಿಟ್ಟುಕೊಂಡವರಿಗೆ ಅಂಟಿ, ಒಡೆಯುವವರೆಗೂ ಅವರ ಆಯಸ್ಸು ಹೀರುತ್ತದೆ. ಅಂಟಿಸಿಕೊಂಡವಳು ಹೆಣ್ಣು, ಕೈಬೀಸಿಕೊಂಡು ಓಡಾಡುವವನು ಗಂಡು. ಅವನು ಇನ್ನೂರು ವರ್ಷ ಬಾಳುತ್ತಾನೆ. ಅವಳ ಪಾಲಿನ ಇನ್ನೂರರಲ್ಲಿ ಒಂದೊಂದು ಮೊಟ್ಟೆಗೂ ಮೂವತ್ತೋ ನಲವತ್ತೋ ಕಳೆಯುತ್ತ ಹೋಗಬೇಕು.

ಮೂಲೆಯಲ್ಲಿ ಕೂತ ಅಪ್ಪ, ಪೇಟೆಯ ಟೈಲರ್, ಸತ್ತವಳ ಓರಗೆಯವನು. ಐವತ್ತಾದರೂ ಮದುವಣಿಗನ ಹಾಗಿದ್ದ. ಅತ್ತೆ ಅವನ ತಂಗಿಯೇ. ಎರಡು ಮೊಟ್ಟೆ ಅಂಟಿಸಿಕೊಂಡ ಪುಣ್ಯಕ್ಕೆ ಅವನ ಅಜ್ಜಿಯಂತಿದ್ದಳು.

"ಅಪ್ಪ ಇದಾನಲ್ಲ ಅತ್ತೆ," ಎಂದಿತು ದೊಡ್ಡದು.

"ಅವನಾ? ಕತ್ತರಿ ಹಿಡಿಯೋ ಕೈಗೆ ಮೊಟ್ಟೆಯಾ?" ಅತ್ತೆಗೆ ಕೇಳಿದ್ದೇ ಅಸಹ್ಯವೆನಿಸಿತು. "ನಿಮ್ಮಮ್ಮ ಪುಣ್ಯವಂತೆ. ತುಂಬಿದ ಮಡಿಲಲ್ಲೇ ಹೋದ್ಲು."

ಬಂದವರೆಲ್ಲ ಅದನ್ನೇ ಹೇಳಿ ಹೋದರು. ಅವಳು ಬರೆದ ಬೋರ್ಡುಗಳ ಬಗ್ಗೆ ಒಬ್ಬರೂ ತುಟಿ ಬಿಚ್ಚಲಿಲ್ಲ.

*

ಪೇಟೆಯ ಅಂಗಡಿಗಳಿಗೆ ಹೆಸರು ಬರೆಯುತ್ತಿದ್ದವಳು ಅವಳು. ಏಣಿಯ ತುದಿಯಲ್ಲಿ ಒಂಟಿಕಾಲಲ್ಲಿ ನಿಂತು, ಕೆಳಗೆ ಚೌಕಾಸಿ ಮಾಡುವ ಸಾಹುಕಾರರ ದನಿಯನ್ನು ಅವರೆದುರೇ ಅಣಕಿಸುತ್ತಿದ್ದಳು.

ಮದುವೆಗೆ ಮುಂಚೆಯೇ ಸರದಿಯ ಮಾತಾಗಿತ್ತು: ಒಂದು ಅವಳದು, ಒಂದು ಅವನದು. ಮೊದಲನೆಯದನ್ನು ಅವಳು ಖುಷಿಯಿಂದಲೇ ಅಂಟಿಸಿಕೊಂಡಳು. ಎರಡನೆಯದು ಬಂದ ಬೆಳಗ್ಗೆ ಟೈಲರ್ ಅದನ್ನು ಅವಳ ಮಡಿಲಿಗೆ ದಾಟಿಸಿ, "ಒಂಚೂರು ಹಿಡ್ಕೊ, ಅಂಗಡಿ ಬೀಗ ಹಾಕಿದ್ನೋ ಇಲ್ವೋ ನೋಡ್ಕೊಂಡ್ ಬರ್ತೀನಿ" ಎಂದು ಹೋದವನು ಬಂದದ್ದು ಮಧ್ಯಾಹ್ನ.

"ಅಯ್ಯೋ, ಅಂಟೇಬಿಡ್ತಾ?" ಎಂದು ನಕ್ಕ.

ಮೂರನೆಯದಕ್ಕೆ ಇಸ್ತ್ರಿಪೆಟ್ಟಿಗೆ ಆರಿಸಲು ಮರೆತಿದ್ದ. ನಾಲ್ಕನೆಯದಕ್ಕೆ ಯಾರದೋ ಮದುವೆಯ ಕೋಟು. ಐದನೆಯದರ ಹೊತ್ತಿಗೆ ನೆಪ ಹೇಳುವ ಗೋಜಿಗೂ ಹೋಗಲಿಲ್ಲ. ಹಾಗೇ ಎದ್ದು ಹೋದ.

ಮೊಟ್ಟೆ ಹೊತ್ತವಳಿಗೆ ಏಣಿ ಸಲ್ಲದು. ಬೋರ್ಡಿನ ಮೇಲಿನ ಸಾಲು ಬೇರೆಯವರ ಪಾಲಾಯಿತು. ನೆಲದ ಮೇಲೆ ನಿಂತು ಕೈಗೆಟಕುವ ಕೊನೆಯ ಸಾಲನ್ನಷ್ಟೇ ಅವಳು ಬರೆದಳು. ಇಂದಿಗೂ ಆ ಪೇಟೆಯಲ್ಲಿ ಅಂಗಡಿಯ ಹೆಸರು ಸೊಟ್ಟಗಿರುತ್ತದೆ, 'ಸೋಮವಾರ ರಜೆ' ಮುತ್ತಿನಂತಿರುತ್ತದೆ.

*

ಹೂಳುವಾಗ ಗಂಡನಾದವನು ಗುಂಡಿಯ ತಲೆಯ ಕಡೆ ಭುಜದಿಂದ ಮಂಡಿಯವರೆಗೆ ಬಿಳಿ ಬಟ್ಟೆ ಹೊದ್ದು ಕೂರಬೇಕು. ಮಣ್ಣು ತುಂಬುವವರೆಗೆ ಏಳುವಂತಿಲ್ಲ. ಟೈಲರ್ ಕೂತ. ಮೊಟ್ಟೆಯ ಬುಟ್ಟಿ ಹಿಡಿದ ದೊಡ್ಡದು ಅವನ ಪಕ್ಕದಲ್ಲೇ ನಿಂತಿತು.

"ಗಾಳಿ ಜೋರಾಗಿದೆ ಅಪ್ಪ," ಎಂದು ಬಗ್ಗಿ ಹೊದಿಕೆ ಸರಿಮಾಡಿತು. ಉಣ್ಣೆಬಟ್ಟೆ ಬಿಚ್ಚಿ, ಮೊಟ್ಟೆಯನ್ನು ಹೊದಿಕೆಯೊಳಗೆ ಅವನ ಮಡಿಲಿಗೆ ಜಾರಿಸಿತು. "ಇರು, ಅಮ್ಮನಿಗೆ ಒಂದಿಷ್ಟು ಮಣ್ಣು ಹಾಕಿ ಬರ್ತೀನಿ."

ಟೈಲರ್ ಏಳಲು ನೋಡಿದ. ಊರಿನ ಅಷ್ಟೂ ಕಣ್ಣು ಅವನ ಮೇಲಿದ್ದವು. ಕೆಳಗಿಡಲು ನೋಡಿದ, ಹಸಿ ನೆಲ ತಣ್ಣಗಿತ್ತು. "ಬೇಗ ಬಾ," ಎಂದು ಪಿಸುಗುಟ್ಟಿದ.

ಗುಂಡಿ ತೋಡಿದವನ ಕೈಯಿಂದ ದೊಡ್ಡದು ಸಲಿಕೆ ಇಸಿದುಕೊಂಡಿತು. ಅವನು ನೆರವಿಗೆ ಬಂದರೆ, "ಬೇಡಣ್ಣ, ನಮ್ಮಮ್ಮನಿಗೆ ನಾನೇ ಹಾಕ್ತೀನಿ" ಎಂದಿತು. ಹೆಂಟೆ ಹೆಂಟೆಯನ್ನೂ ಒಡೆದು ಪುಡಿಮಾಡಿ ಸುರಿಯಿತು. ತಾಯಿಯ ಮೇಲೆ ಎಂಥ ಪ್ರೀತಿ ಎಂದು ಜನ ಕಣ್ಣೊರೆಸಿಕೊಂಡರು. ಟೈಲರನ ಹಣೆಯಲ್ಲಿ ಬೆವರು ಮೂಡಿತು.

ದಿಬ್ಬ ತಟ್ಟಿ ಮುಗಿಸಿದ ಮೇಲೆ ಅತ್ತೆ ಅಣ್ಣನನ್ನು ಎಬ್ಬಿಸಲು ಹೋಗಿ ಹೊದಿಕೆ ಎತ್ತಿದಳು. ಅಂಟಿತ್ತು.

"ಅಯ್ಯೋ, ಅಂಟೇಬಿಡ್ತಾ?" ಎಂದಿತು ದೊಡ್ಡದು, ಅಪ್ಪನದೇ ದನಿಯಲ್ಲಿ.

ಮೊದಲು ಕಿಸಕ್ಕೆಂದವಳು ಅತ್ತೆ. ಬಾಯಿಗೆ ಕೈ ಅಡ್ಡ ಇಟ್ಟಳು, ತಡೆಯಲಾಗಲಿಲ್ಲ. ಆಮೇಲೆ ಗುಂಡಿ ತೋಡಿದವನು, ಆಮೇಲೆ ಎಲ್ಲರೂ. ಟೈಲರ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಇದೊಂದು ತಮಾಷೆ, ಈಗ ಯಾರಾದರೂ ಬಂದು ಎತ್ತಿಕೊಳ್ಳುತ್ತಾರೆ ಎಂಬಂತೆ ಎಲ್ಲರಿಗಿಂತ ಜೋರಾಗಿ ನಕ್ಕ.

ಒಬ್ಬೊಬ್ಬರೇ ಸುಮ್ಮನಾದರು. ಕೊನೆಗೆ ಅವನೂ ನಿಲ್ಲಿಸಿದ. ನಗುವಾಗ ಅವನ ಕಣ್ಣಿನ ಅಂಚಿಗೆ ಬಂದ ಗೆರೆಗಳು ಮಾತ್ರ ಹಾಗೇ ಉಳಿದವು.