ಬೂದೆಪ್ಪ ಮಾವನ ಸಿನಿಮಾ ಪಂಚಾಯ್ತಿ

ನಮ್ಮ ಸೋದರಮಾವ ಬೂದೆಪ್ಪನಿಗೆ ಮುರಿದ ಸಂಸಾರ ಕೂಡಿಸುವ ಹುಚ್ಚು. ಕಟ್ಟೆಯ ಮೇಲೆ ಕೂಡಿಸಿ ಬುದ್ಧಿ ಹೇಳುವುದು ಹಳೆಯದಾಯಿತೆಂದು ಈಗ ಸಿನಿಮಾ ಹಿಡಿದಿದ್ದಾನೆ. ಗಂಡ ಹೆಂಡತಿ ಕೋರ್ಟು ಹತ್ತಿ ಕೊನೆಗೆ ಒಂದಾಗುವ ಸಿನಿಮಾ ಬಂದರೆ ಸಾಕು, ಜಗಳವಾಡಿದ ಜೋಡಿಯನ್ನು ರಾಯಚೂರಿನ ಟಾಕೀಸಿಗೆ ಎಳೆದೊಯ್ಯುತ್ತಾನೆ. ಎರಡು ಜೋಡಿ ಹೀಗೆ ಕೂಡಿವೆಯಂತೆ. ಮೂರನೆಯದು ನಾವು: ನಾನು ದುರ್ಗಾದೇವಿ, ನನ್ನ ಗಂಡ ದುರುಗೇಶ.

ನಾನು ಪೋತ್ನಾಳದ ಗಂಡನ ಮನೆ ಬಿಟ್ಟು ದೇವದುರ್ಗದ ತವರಿಗೆ ಬಂದು, ವಿಚ್ಛೇದನಕ್ಕೆ ಕೇಸು ಹಾಕಿ ಎಂಟು ತಿಂಗಳಾಗಿತ್ತು. ಸೋಮವಾರ ತಾರೀಖು. ಅಷ್ಟರೊಳಗೆ ಕೇಸು ವಾಪಸ್ ತೆಗೆಸಬೇಕೆಂದು ಮಾವನ ಹಟ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ನಮ್ಮಲ್ಲಿ ಉಣ್ಣುವುದೂ ನೆಟ್ಟಗಿರಲಿಲ್ಲ, ಮಲಗುವುದೂ ನೆಟ್ಟಗಿರಲಿಲ್ಲ. ಒಂದು ಸಿನಿಮಾ ನೋಡಿದರೆ ಇವನ ಕಾಟ ತಪ್ಪುತ್ತದೆಂದು ಹೊರಟೆ. ಅವ್ವ ತಿಮ್ಮವ್ವನೂ ಜೊತೆಗೆ ಬಂದಳು.

ಸಿನಿಮಾದಲ್ಲಿ ವಿಚ್ಛೇದನದ ಕಾಗದಕ್ಕೆ ಸಹಿ ಹಾಕುವ ಹೊತ್ತಿಗೆ ಸರಿಯಾಗಿ ಮಗುವಿಗೆ ಜ್ವರ ಬಂತು. ಇಂಥ ಸಿನಿಮಾಗಳಲ್ಲಿ ಜ್ವರ ತಪ್ಪಿದ್ದೇ ಇಲ್ಲ. ನಮಗೆ ಮಕ್ಕಳಿಲ್ಲ, ಇದ್ದಿದ್ದರೆ ಮಾವ ಅದಕ್ಕೂ ಜ್ವರ ಬರಿಸುತ್ತಿದ್ದ. ತಪ್ಪು ಮಾಡಿದವನು ಗಂಡ, ಕಾಲಿಗೆ ಬಿದ್ದವಳು ಹೆಂಡತಿ. ಟಾಕೀಸೆಲ್ಲ ಮೂಗು ಒರೆಸಿಕೊಂಡಿತು. ಪಕ್ಕಕ್ಕೆ ತಿರುಗಿದರೆ ದುರುಗೇಶ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ಅದು ನಾಟಕದ ಅಳುವಲ್ಲ. ಸುಳ್ಳೇಕೆ ಹೇಳಲಿ, ನನಗೂ ಅಯ್ಯೋ ಎನಿಸಿತು. ಏಳು ವರ್ಷದಲ್ಲಿ ಅವನ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು.

ಹೊರಗೆ ಬರುತ್ತಲೇ ಮಾವ ತೀರ್ಪು ಕೊಟ್ಟುಬಿಟ್ಟ, ಗಂಡಸು ಅತ್ತ ಮೇಲೆ ಇನ್ನೇನು ಉಳಿಯಿತು ಎಂದು. ನಾನು ನಕ್ಕಾಗಲೆಲ್ಲ ನಗುವ ಹೆಂಗಸನ್ನು ನಂಬಬಾರದು ಎಂದು ಗಾದೆ ಹೇಳುತ್ತಿದ್ದವನಿಗೆ, ಅದೇ ಗಾದೆ ಅಳುವ ಗಂಡಸಿನ ಬಗ್ಗೆ ಏನು ಹೇಳುತ್ತದೆಂಬುದು ಮರೆತೇ ಹೋಗಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಮಾನ್ವಿ ಮೇಲೆ ಪೋತ್ನಾಳಕ್ಕೆ ಹೋಗುವ ಬಸ್ಸು ನಿಂತಿತ್ತು. ಅವ್ವ ತಾನು ತಂದ ಚೀಲವನ್ನು ದುರುಗೇಶನ ಕೈಗೆ ಕೊಟ್ಟಳು. ಒಳಗೆ ನನ್ನ ಸೀರೆಗಳಿದ್ದವು. ನನ್ನನ್ನು ಕೇಳದೆಯೇ ಕಟ್ಟಿ ತಂದಿದ್ದಳು. ಮೈಯೆಲ್ಲ ಉರಿದುಹೋಯಿತು. ಆದರೂ ತಡೆದುಕೊಂಡು, ಸಿನಿಮಾ ನೋಡುತ್ತ ಯಾಕೆ ಅಳುತ್ತಿದ್ದೆ ಎಂದು ಗಂಡನನ್ನು ಕೇಳಿದೆ.

"ಆ ಹೆಣ್ಮಗಳು ಅಳೋದು ನೋಡಾಕ ಆಗಲಿಲ್ಲ," ಎಂದ.

"ನಾ ಏಳು ವರ್ಷ ನಿನ್ನ ಮಗ್ಗಲದಾಗ ಕುಂತು ಅತ್ತೀನಿ. ಟೀವಿ ಕೇಳಿಸವಲ್ದು ಅಂತ ನೀ ಸೌಂಡ್ ಏರಿಸ್ತಿದ್ದಿ."

ಅವನು ತಲೆ ತಗ್ಗಿಸಿದ. ಮಾವ ನಡುವೆ ಬಾಯಿ ಹಾಕಿ, ಈಗ ಬುದ್ಧಿ ಬಂದಿದೆ, ಬಸ್ಸು ಹತ್ತು ಎಂದ. ಚೀಲ ಕಸಿದುಕೊಂಡೆ.

"ಸೋಮವಾರ ಕೋರ್ಟಿಗೆ ಬಾ," ಎಂದೆ ದುರುಗೇಶನಿಗೆ. "ಅಳೋದಿದ್ರ ಜಡ್ಜ್ ಮುಂದ ಅಳು."

ಯಾರ ಮುಖವನ್ನೂ ನೋಡದೆ ದೇವದುರ್ಗದ ಬಸ್ಸು ಹತ್ತಿ ಕುಳಿತೆ. ಮಾವ ಕೆಳಗೆ ನಿಂತು, ಈಕೆಯನ್ನು ಮನೆಗೆ ಸೇರಿಸಬೇಡ ಎಂದು ಅವ್ವನಿಗೆ ಹೇಳುತ್ತಿದ್ದುದು ಕೇಳಿಸಿತು. ಸೇರಿಸದಿದ್ದರೆ ಬಾಡಿಗೆ ಕೋಣೆ ಹುಡುಕುವುದು, ಅಷ್ಟೇ. ಬಸ್ಸು ಹೊರಡುವ ಹೊತ್ತಿಗೆ ಅವ್ವ ಏದುಸಿರು ಬಿಡುತ್ತ ಬಂದು ಪಕ್ಕದಲ್ಲಿ ಕುಳಿತಳು. ನಾನು ಕಿಟಕಿಯ ಕಡೆಗೇ ಮುಖ ಮಾಡಿದ್ದೆ. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದ.

ಅವ್ವ ನನಗಿಂತ ಮೊದಲು ಬಾಯಿ ತೆರೆದಳು. "ದೇವದುರ್ಗ ಎರಡು ಕೊಡಪ್ಪ. ಈಕಿ ನನ್ನ ಮಗಳು."